ಮೀನು ಕೊಟ್ಟು ಅಕ್ಕಿ ತರುವವರ ಅರ್ಥಶಾಸ್ತ್ರ

ಫೇಸ್‌ಬುಕ್ಕಿನಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹೆಸರು ಕಂಡರೆ ಸಾಕು, ಅರ್ಧ ಜನ ಕೈಮುಗಿಯುತ್ತಾರೆ, ಉಳಿದರ್ಧ ಬೈಯಲು ಶುರು ಮಾಡುತ್ತಾರೆ. ಎರಡೂ ಕಡೆ ಓದಿದವರು ಕಡಿಮೆ. ಆದರೆ ಆ ಮನುಷ್ಯ ಬರೆದದ್ದರಲ್ಲಿ ನಮ್ಮ ಕಾರವಾರದ ಮೀನುಪೇಟೆಗೆ ನೇರವಾಗಿ ತಾಗುವ ಮಾತೊಂದಿದೆ.

ಸೇನ್ ಹುಟ್ಟಿದ್ದು 1933ರಲ್ಲಿ, ಶಾಂತಿನಿಕೇತನದಲ್ಲಿ. ಹೆಸರಿಟ್ಟವರು ರವೀಂದ್ರನಾಥ ಟಾಗೋರ್. (ಹೌದು, ನಮ್ಮ ಬೀಚಿಗೆ ಯಾರ ಹೆಸರಿದೆಯೋ ಅವರೇ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದರು.) 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರು. ಆಗ ಒಂಬತ್ತು ವರ್ಷದ ಈ ಹುಡುಗ, ಬಾಗಿಲಿಗೆ ಬಂದವರಿಗೆ ಸಿಗರೇಟ್ ಡಬ್ಬಿಯಲ್ಲಿ ಅಳೆದು ಅಕ್ಕಿ ಹಾಕುತ್ತಿದ್ದ.

ಮುಂದೆ ಅರ್ಥಶಾಸ್ತ್ರಜ್ಞನಾಗಿ ಅದೇ ಕ್ಷಾಮದ ಲೆಕ್ಕ ತೆಗೆದಾಗ ಕಂಡದ್ದು ಬೇರೆಯೇ. 1943ರಲ್ಲಿ ಬಂಗಾಳದಲ್ಲಿದ್ದ ಆಹಾರ, ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ. 5ರಷ್ಟು ಮಾತ್ರ ಕಡಿಮೆ. ಕ್ಷಾಮವೇ ಇಲ್ಲದಿದ್ದ 1941ಕ್ಕಿಂತ ಶೇ. 13ರಷ್ಟು ಹೆಚ್ಚು! ಈ ಅಂಕಿಗಳ ಬಗ್ಗೆ ಬೇರೆ ವಿದ್ವಾಂಸರ ತಕರಾರಿದೆ, ಇರಲಿ. ಸತ್ತವರು ಯಾರು ಎಂಬುದನ್ನು ನೋಡಿ. ಕೂಲಿಯವರು, ಭತ್ತ ಕುಟ್ಟುವವರು, ಮೀನುಗಾರರು. ಜಪಾನಿನವರ ಕೈಗೆ ಸಿಗಬಾರದೆಂದು 1942ರಲ್ಲಿ ಬ್ರಿಟಿಷ್ ಸರ್ಕಾರ ಕರಾವಳಿ ಬಂಗಾಳದ ದೋಣಿಗಳನ್ನು ಕಿತ್ತುಕೊಂಡಿತ್ತು. ದೋಣಿ ಉಳಿಸಿಕೊಂಡವರ ಗತಿಯೂ ಅಷ್ಟೇ. ಅಕ್ಕಿಯ ಬೆಲೆ ಗಗನಕ್ಕೇರಿದಾಗ ಮೀನು ಕೊಳ್ಳುವವರೇ ಇಲ್ಲ. ಮೀನುಗಾರ ಬದುಕುವುದು ಮೀನು ತಿಂದಲ್ಲ, ಮೀನು ಮಾರಿ ಅಕ್ಕಿ ತಂದು.

ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂಗಡೆ ರಾಶಿ ಬಿದ್ದ ದಿನ ಪೇಟೆಗೆ ಹೋಗಿ ನೋಡಿ. ಬುಟ್ಟಿ ತುಂಬಿ ತುಳುಕುತ್ತಿರುತ್ತದೆ, ಮಂಜುಗಡ್ಡೆ ಕರಗುತ್ತಿರುತ್ತದೆ, ಮಧ್ಯಾಹ್ನವಾಗುವ ಹೊತ್ತಿಗೆ ಪಾಲು ಪಾಲು ಹಾಕಿ ಸಿಕ್ಕಿದ ಬೆಲೆಗೆ ಕೊಟ್ಟು ಏಳುತ್ತಾರೆ. ನನಗೆ ಯಾವಾಗಲೂ ಮೀನು ಕೊಡುವ ಹೆಂಗಸೊಬ್ಬರು ಒಮ್ಮೆ ಅಂದಿದ್ದರು: "ಮೀನ್ ಸಿಕ್ಕದೇ ಇದ್ರೂ ಕಷ್ಟ, ಸಿಕ್ರೂ ಕಷ್ಟ ತಮಾ." ಬುಟ್ಟಿಯ ಮೀನು ಎಷ್ಟು ಅಕ್ಕಿಯಾಗಿ ಮನೆ ಸೇರುತ್ತದೆ ಎಂಬುದು ಅವರ ಲೆಕ್ಕ. ಸೇನ್ 1981ರ 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಪುಸ್ತಕದಲ್ಲಿ ಬರೆದ ಲೆಕ್ಕವೂ ಅದೇ.

ಇನ್ನೊಂದು ಘಟನೆ. 1944ರ ಸುಮಾರಿಗೆ ಢಾಕಾದಲ್ಲಿ ಕೋಮುಗಲಭೆ. ಸೇನ್ ಮನೆಯ ಗೇಟಿನೊಳಗೆ ಕಾದರ್ ಮಿಯಾ ಎಂಬ ಕೂಲಿಯಾಳು ಚೂರಿ ಇರಿತದಿಂದ ರಕ್ತ ಸುರಿಸುತ್ತಾ ಬಂದ. ಹಿಂದೂ ಕೇರಿಗೆ ಹೋಗಬೇಡ ಎಂದು ಹೆಂಡತಿ ಹೇಳಿದ್ದಳಂತೆ, ಮನೆಯಲ್ಲಿ ಊಟಕ್ಕಿಲ್ಲದೆ ಬಂದಿದ್ದ. ಸೇನ್ ತಂದೆ ಆಸ್ಪತ್ರೆಗೆ ಸಾಗಿಸಿದರೂ ಬದುಕಲಿಲ್ಲ. ಬಡತನ ಎಂದರೆ ದುಡ್ಡಿಲ್ಲದಿರುವುದಷ್ಟೇ ಅಲ್ಲ, ಬೇಡ ಎನ್ನುವ ಸ್ವಾತಂತ್ರ್ಯವೂ ಇಲ್ಲದಿರುವುದು ಎಂಬ ಅವರ ವಾದದ ಬೇರು ಇಲ್ಲಿದೆ. ಮಳೆಗಾಲದಲ್ಲಿ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನವೂ ಸಣ್ಣ ದೋಣಿ ಇಳಿಸುವವರನ್ನು "ಹುಚ್ಚು ಧೈರ್ಯ" ಎಂದು ನಾವು ಬೈಯುತ್ತೇವೆ. ಧೈರ್ಯ ಎಲ್ಲಿಂದ ಬಂತು!

ನೊಬೆಲ್ (1998), ಭಾರತರತ್ನ (1999), ಕೇಂಬ್ರಿಡ್ಜ್, ಹಾರ್ವರ್ಡ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಪತ್ರಿಕೆ ಮತ್ತು ಚುನಾವಣೆ ಇರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮ ಬರುವುದಿಲ್ಲ ಎನ್ನುತ್ತಾರೆ ಸೇನ್. ಸರಿ. ಆದರೆ ಗದ್ದಲವಿಲ್ಲದೆ ಸಾಯುವವರನ್ನು ಅದೇ ಪ್ರಜಾಪ್ರಭುತ್ವ ಕಾಣುವುದೇ ಇಲ್ಲ ಎಂದೂ ಅವರೇ ಒಪ್ಪುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ತಗೊಳ್ಳಿ. ಕಾಳಿ ನದಿಗೆ ಸಾಲು ಅಣೆಕಟ್ಟು, ಕೈಗಾದಲ್ಲಿ ಅಣು ವಿದ್ಯುತ್, ಕಡಲಂಚಿನಲ್ಲಿ ನೌಕಾನೆಲೆ. ಎಲ್ಲದಕ್ಕೂ ಜಾಗ ಬಿಟ್ಟುಕೊಟ್ಟವರು ಇಲ್ಲಿಯವರೇ. ಹೃದಯಾಘಾತವಾದರೆ ಮಾತ್ರ ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಅದು ಎಲ್ಲರ ಕಿವಿಗೆ ಬಿದ್ದದ್ದು 2022ರ ಜುಲೈನಲ್ಲಿ, ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತಾಗ. ಆ ಅಪಘಾತದ ವೀಡಿಯೊ ಇರದಿದ್ದರೆ ಯಾವ ನಾಯಕರೂ ಬಾಯಿ ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕೂ ಮೊದಲು ದಾರಿಯಲ್ಲೇ ಉಸಿರು ಬಿಟ್ಟವರ ಲೆಕ್ಕ ಯಾರ ಬಳಿಯಿದೆ?

ಚರ್ಚೆ ಮಾಡಿದರೆ ಸರ್ಕಾರ ಕೇಳುತ್ತದೆ ಎಂಬ ಸೇನ್ ಭರವಸೆ ನನಗೆ ಸ್ವಲ್ಪ ಅತಿಯಾಯಿತು ಅನ್ನಿಸುವುದು ಇಲ್ಲೇ. ನಾವು ಚರ್ಚೆ ಮಾಡಿದೆವು, ಟ್ವಿಟರಿನಲ್ಲಿ ಅಭಿಯಾನವನ್ನೂ ನಡೆಸಿದೆವು.

ಓದುವ ಮನಸ್ಸಿದ್ದವರು 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಹಿಡಿಯಿರಿ. ಆರನೆಯ ಅಧ್ಯಾಯ ಬಂಗಾಳದ್ದು, ಅಲ್ಲಿಂದಲೇ ಶುರು ಮಾಡಿ. ಕೊನೆಯಲ್ಲಿರುವ ಗಣಿತದ ಪರಿಶಿಷ್ಟಗಳನ್ನು ನಾನು ಹಾರಿಸಿದ್ದೇನೆ, ನೀವೂ ಹಾರಿಸಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.