ನಾಲ್ಕನೇ ಪಾರ್ಟಿನವನ ಪಾಡು

ಆರ್ಕೆಸ್ಟ್ರಾದಲ್ಲಿ ಟ್ರೊಂಬೋನ್, ಅಂದರೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತಾ ಊದುವ ಹಿತ್ತಾಳೆಯ ವಾದ್ಯ, ಹಿಡಿದವನ ಮುಖ್ಯ ಕೆಲಸ ನುಡಿಸುವುದಲ್ಲ, ಎಣಿಸುವುದು. ಮುಂದೆ ಪಿಟೀಲಿನವರು ಬೆವರು ಸುರಿಸುತ್ತಿರುತ್ತಾರೆ. ಹಿಂದೆ ನಾವು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು "ನಲವತ್ತೊಂದು, ಎರಡು, ಮೂರು, ನಾಲ್ಕು; ನಲವತ್ತೆರಡು, ಎರಡು, ಮೂರು, ನಾಲ್ಕು" ಅಂತ ಬಾರ್, ಅಂದರೆ ತಾಳದ ಒಂದೊಂದು ಸುತ್ತು, ಲೆಕ್ಕ ಹಾಕುತ್ತಿರುತ್ತೇವೆ. 1808ರಲ್ಲಿ ಮೊದಲ ಬಾರಿ ನುಡಿಸಿದ ತನ್ನ ಐದನೇ ಸಿಂಫನಿಗೆ ಬೀಥೋವನ್ ಮೂರು ಟ್ರೊಂಬೋನ್ ಸೇರಿಸಿದನೇನೋ ನಿಜ. ಆದರೆ ಮೊದಲ ಮೂರು ಭಾಗದಲ್ಲಿ ಅವಕ್ಕೆ ಒಂದೇ ಒಂದು ಸ್ವರವೂ ಇಲ್ಲ. ನಾಲ್ಕನೆಯ ಭಾಗ ಬರುವ ತನಕ ಬೀಗರ ಮನೆಗೆ ಬಂದವರಂತೆ ಸಭ್ಯವಾಗಿ ಕೂತಿರಬೇಕು. ಬ್ರಾಮ್ಸ್‌ನ 1876ರ ಮೊದಲ ಸಿಂಫನಿಯಲ್ಲೂ ಇದೇ ಕಥೆ. ಈ ವಾದ್ಯದ ಮೇಲೆ ನನಗೆ ಪ್ರೀತಿ ಹುಟ್ಟಿದ್ದಕ್ಕೆ ಅದರ ನಾದಕ್ಕಿಂತ ಈ ಸೌಲಭ್ಯವೇ ಹೆಚ್ಚು ಕಾರಣ.

ಹಾಗಾಗಿ ವಿಶ್ವವಿದ್ಯಾಲಯದ ಟ್ರೊಂಬೋನ್ ತಂಡಕ್ಕೆ ಖುಷಿಯಿಂದ ಸೇರಿಕೊಂಡಾಗ ಒಂದು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಅಲ್ಲಿರುವುದು ಬರೀ ಟ್ರೊಂಬೋನು. ಪಿಟೀಲಿಲ್ಲ, ಕೊಳಲಿಲ್ಲ, ಸಮಯಕ್ಕೆ ಕೈಹಿಡಿಯುವ ಡೋಲೂ ಇಲ್ಲ. ನಾವು ಎಣಿಸುತ್ತಾ ಕೂತರೆ ನುಡಿಸುವವರು ಯಾರು? ಮೊದಲ ದಿನದ ಅಭ್ಯಾಸದಲ್ಲಿ ನನಗೆ ಕೊಟ್ಟ ನಾಲ್ಕನೇ ಪಾರ್ಟಿನ, ಅಂದರೆ ನನ್ನ ಪಾಲಿನ ಸ್ವರಗಳ, ಹಾಳೆಯನ್ನು ತಿರುವಿ ತಿರುವಿ ಹುಡುಕಿದೆ. ಎರಡು ಪುಟಕ್ಕೆ ಸೇರಿ ವಿರಾಮ ಮೂರೇ ಬಾರು. ಅರ್ಧ ಗಂಟೆಯಲ್ಲಿ ನನ್ನ ತುಟಿ ನನ್ನದಾಗಿ ಉಳಿದಿರಲಿಲ್ಲ.

ಟ್ರೊಂಬೋನಿನ ಸ್ಲೈಡಿಗೆ, ಅಂದರೆ ಜಾರುವ ಹೊರಕೊಳವೆಗೆ, ಏಳು ಸ್ಥಾನ. ಹತ್ತಿರ ಎಳೆದುಕೊಂಡರೆ ಒಂದನೆಯದು, ಕೈ ಪೂರ್ತಿ ಚಾಚಿದರೆ ಏಳನೆಯದು. ನಡುವಿನವು ಎಲ್ಲಿವೆ ಅಂತ ಕೊಳವೆಯ ಮೇಲೆ ಗೆರೆಯಿಲ್ಲ, ಗುರುತಿಲ್ಲ. ಕಿವಿಯೇ ಹುಡುಕಿಕೊಳ್ಳಬೇಕು. ನನ್ನ ಕಿವಿ ಹುಡುಕುವಷ್ಟರಲ್ಲಿ ಕೈ ಹೋಗಿ ಮುಂದಿನವನ ಕತ್ತಿಗೆ ತಗಲುತ್ತಿತ್ತು. ಪಾಪ, ಅವನು ಎರಡನೇ ವಾರದಿಂದ ಕಾಲರ್ ಎತ್ತಿಕೊಂಡೇ ಬರತೊಡಗಿದ. ಇನ್ನು ನೀರಿನ ವಿಷಯ. ವಾದ್ಯದ ತುದಿಯ ಸಣ್ಣ ಕೀಲಿ ಒತ್ತಿ ನಾವು ನೆಲಕ್ಕೆ ಬಿಡುವುದು ಉಗುಳು ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ಅದರಲ್ಲಿ ಬಹುಪಾಲು ಬಿಸಿ ಉಸಿರು ತಣ್ಣನೆಯ ಹಿತ್ತಾಳೆಗೆ ತಾಗಿ ಹನಿಯಾದದ್ದು ಅಷ್ಟೇ. ಇದನ್ನು ಸಭಾಂಗಣ ಒರೆಸುವವರಿಗೆ ವೈಜ್ಞಾನಿಕವಾಗಿ ವಿವರಿಸಲು ಹೋದೆ. ಅವರು ಮಾತಾಡದೆ ಒರೆಸುವ ಕೋಲನ್ನು ನನ್ನ ಕೈಗೆ ಕೊಟ್ಟರು.

ಕಛೇರಿಗೆ ಮೂವರು ಅತಿಥಿ ಕಲಾವಿದರು ಬಂದಿದ್ದರು. ಒಬ್ಬರದು ಎತ್ತರದ ದನಿಯ ಆಲ್ಟೊ, ಒಬ್ಬರದು ತಗ್ಗಿನ ದನಿಯ ಬಾಸ್ ಟ್ರೊಂಬೋನ್. ಮೂರನೆಯವರು ಜಾಝ್‌ನವರು. ಇವರು ಚೀಲದಿಂದ ಒಂದು ರಬ್ಬರ್ ಬಟ್ಟಲು ತೆಗೆದಾಗ ನನಗೆ ಎಲ್ಲೋ ನೋಡಿದ ನೆನಪು. ಹೌದು, ಟಾಯ್ಲೆಟ್ ಕಟ್ಟಿಕೊಂಡಾಗ ಒತ್ತುತ್ತೇವಲ್ಲ, ಅದೇ, ಹಿಡಿಕೆ ಕಿತ್ತದ್ದು. ಅದನ್ನು ವಾದ್ಯದ ಬಾಯಿಗೆ ಮುಚ್ಚಿ ತೆರೆದು ಮಾಡುತ್ತಾ ಅವರು ಟ್ರೊಂಬೋನಿನ ಕೈಯಲ್ಲಿ ಮಾತಾಡಿಸಿದರು, ಗೊಣಗಿಸಿದರು, ಒಮ್ಮೆ ಅಳಿಸಿಯೂ ಬಿಟ್ಟರು. ಒಂಬತ್ತು ಅಡಿಯಷ್ಟು ಕೊಳವೆಯಿಂದ ನಾನು ಮೂರು ತಿಂಗಳಲ್ಲಿ ಹೊರಡಿಸಲಾಗದ್ದನ್ನು ಅವರು ಕಕ್ಕಸಿನ ರಬ್ಬರಿನಿಂದ ಹೊರಡಿಸಿದ್ದರು. ಹೊಟ್ಟೆ ಉರಿಯಿತು ಅಂತ ಹೇಳುವುದಕ್ಕೆ ನಾಚಿಕೆಯಿಲ್ಲ.

ಅದಾದ ಮೇಲೆ ಬೀಥೋವನ್‌ನ ಈಕ್ವಾಲೆ. 1812ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ಊರಿನಲ್ಲಿ, ಸತ್ತವರನ್ನು ನೆನೆಯುವ ದಿನಕ್ಕೆಂದು, ನಾಲ್ಕೇ ಟ್ರೊಂಬೋನಿಗೆ ಬರೆದ ಮೂರು ಪುಟ್ಟ ರಚನೆಗಳು. 1827ರಲ್ಲಿ ಅವನ ಅಂತ್ಯಸಂಸ್ಕಾರದಲ್ಲೂ ಇವುಗಳಲ್ಲಿ ಎರಡು ಕೇಳಿಬಂದವು. ಇದನ್ನು ನುಡಿಸಿದ್ದು ಮೂವರು ಅತಿಥಿಗಳು ಮತ್ತು ನಮ್ಮ ಮೇಷ್ಟ್ರು. ನಾವು ಹನ್ನೆರಡು ಜನ ಹಿಂದೆ ಮೆಟ್ಟಿಲಿನಂಥ ಕಟ್ಟೆಯ ಮೇಲೆ ಸುಮ್ಮನೆ ಕೂತಿರಬೇಕಿತ್ತು.

ಆಹಾ, ವಿರಾಮ! ಮೂರು ತಿಂಗಳಿಂದ ಕಾದಿದ್ದ ವಿರಾಮ. ವಾದ್ಯವನ್ನು ಎಡಭುಜಕ್ಕೆ ಒರಗಿಸಿಕೊಂಡೆ. ಹಳೆಯ ಅಭ್ಯಾಸದಂತೆ ಬಾರ್ ಎಣಿಸತೊಡಗಿದೆ. ಯಾರೂ ಹೇಳಿರಲಿಲ್ಲ, ಆದರೂ.

ಟ್ರೊಂಬೋನಿನ ಹಿಡಿಯ ಹತ್ತಿರ ಬಳೆಯಂಥ ಒಂದು ಲಾಕ್ ಇರುತ್ತದೆ. ತುಸು ತಿರುಗಿಸಿದರೆ ಸ್ಲೈಡ್ ಅಲ್ಲಾಡುವುದಿಲ್ಲ. ತಿರುಗಿಸದಿದ್ದರೆ ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ಕೈ ಮಾತ್ರ. ಅವತ್ತು ನಾನು ತಿರುಗಿಸಿರಲಿಲ್ಲ. ಸಾಲದ್ದಕ್ಕೆ, ಅತಿಥಿಗಳ ಮುಂದೆ ಮಾನ ಹೋಗಬಾರದೆಂದು ಅರ್ಧ ಗಂಟೆ ಮುಂಚೆಯಷ್ಟೇ ಸ್ಲೈಡಿಗೆ ಕ್ರೀಮು ಹಚ್ಚಿ, ನೀರು ಚಿಮುಕಿಸಿ, ಬೆಣ್ಣೆಯ ಹಾಗೆ ಜಾರುವಂತೆ ಮಾಡಿಟ್ಟಿದ್ದೆ.

ಹತ್ತೊಂಬತ್ತನೆಯ ಬಾರಿನಲ್ಲಿ ಮೂಗು ತುರಿಸಿತು. ಬಲಗೈ ತೆಗೆದೆ.

ಮೊದಲು ತಿಳಿದದ್ದು ಸದ್ದಲ್ಲ, ತೂಕ. ಕೈಯಲ್ಲಿದ್ದ ವಾದ್ಯ ಇದ್ದಕ್ಕಿದ್ದಂತೆ ಹಗುರಾಯಿತು. ನೋಡಿದರೆ ಒಳಗಿನ ಎರಡು ತೆಳ್ಳನೆಯ ಕೊಳವೆ ಕೊಕ್ಕರೆಯ ಕಾಲಿನ ಹಾಗೆ ಬೋಳಾಗಿ ನಿಂತಿವೆ. ಹೊರಗಿನ ಸ್ಲೈಡು ತನ್ನ ತುದಿಯ ರಬ್ಬರ್ ಗುಬುಟಿನ ಮೇಲೆ ಒಂದು ಕ್ಷಣ ನೆಟ್ಟಗೆ ನಿಂತಿತು, ಹೋಗಲೋ ಬೇಡವೋ ಎಂದು ಕೇಳುವಂತೆ. ಆಮೇಲೆ ಹೊರಟಿತು. ಕಟ್ಟೆಗೆ ಮೂರು ಮೆಟ್ಟಿಲು. ಠಣ್. ಠಣ್. ಮೂರನೆಯದು ಸ್ವಲ್ಪ ತಡವಾಗಿ, ನಾನು ಇನ್ನೇನು ಮುಗಿಯಿತು ಅಂದುಕೊಂಡ ಮೇಲೆ, ಠಣಾರ್. ಸತ್ತವರ ನೆನಪಿಗೆ ಬರೆದ ಸಂಗೀತದಲ್ಲಿ ಸತ್ತವರೂ ಎದ್ದು ಕೂರುವಂಥ ಸದ್ದು.

ಸ್ಲೈಡು ನೆಲದ ಮೇಲೆ ಜಾರುತ್ತಾ ಹೋಗಿ ಬಾಸ್ ಟ್ರೊಂಬೋನಿನ ಅತಿಥಿಯ ಬೂಟಿಗೆ ತಾಗಿ ನಿಂತಿತು. ಅವರ ಎರಡೂ ಕೈ ಕೆಲಸದಲ್ಲಿದ್ದವು, ಬಾಯಿಯೂ. ಆ ಮಹಾನುಭಾವರು ಒಂದು ಸ್ವರವೂ ಅಲ್ಲಾಡದಂತೆ ಬೂಟಿನ ತುದಿಯಿಂದ ಅದನ್ನು ಮೆಲ್ಲಗೆ ತಮ್ಮ ಕುರ್ಚಿಯ ಕೆಳಗೆ ಸರಿಸಿದರು. ಮೇಷ್ಟ್ರು ತಿರುಗಿ ನೋಡಲಿಲ್ಲ. ಅವರ ಕಿವಿ ಮಾತ್ರ ಕೆಂಪಾದದ್ದು ನನಗೆ ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ಚಪ್ಪಾಳೆ ಬಿದ್ದ ಕೂಡಲೇ ಸದ್ದಿನ ಮರೆಯಲ್ಲಿ ತರೋಣವೆಂದು ಮೆಟ್ಟಿಲಿಳಿದು ಓಡಿದೆ. ಪ್ರೇಕ್ಷಕರು ಇವನೂ ಯಾರೋ ಮುಖ್ಯನೇ ಇರಬೇಕೆಂದು ಚಪ್ಪಾಳೆ ಜೋರು ಮಾಡಿದರು. ಏನು ಮಾಡಲಿ? ಬಗ್ಗಿ ನಮಸ್ಕರಿಸಿದೆ. ಬಗ್ಗಿದ್ದವನು ಹಾಗೆಯೇ ಕುರ್ಚಿಯ ಕೆಳಗೆ ಕೈ ಹಾಕಿ ಸ್ಲೈಡು ಎಳೆದುಕೊಂಡೆ. ಆ ಬೂಟಿನ ಅತಿಥಿ ನನ್ನ ಕಿವಿಯ ಹತ್ತಿರ ಬಂದು ಒಂದೇ ಮಾತು ಹೇಳಿದರು: "ಲಾಕು."

ಕೊನೆಯದು ಎಲ್ಲರೂ ಸೇರಿ ನುಡಿಸುವ ಮೆರವಣಿಗೆಯ ಸಂಗೀತ. ಸ್ಲೈಡು ಜೋಡಿಸಿ ಹತ್ತಿರ ಎಳೆದರೆ ಬರಲೊಲ್ಲದು. ಕೆಳಗಿನ ತಿರುವಿನ ಹತ್ತಿರ ಕಡಲೆಕಾಳಿನಷ್ಟು ತಗ್ಗು ಬಿದ್ದು, ಒಳಕೊಳವೆ ಅಲ್ಲಿಗೇ ಸಿಕ್ಕಿಕೊಳ್ಳುತ್ತಿತ್ತು. ಅಂದರೆ ಒಂದನೇ ಸ್ಥಾನ ಇಲ್ಲ. ಟ್ರೊಂಬೋನಿನವನಿಗೆ ಒಂದನೇ ಸ್ಥಾನ ಇಲ್ಲ ಅಂದರೆ ಮನೆಗೆ ಬಾಗಿಲಿಲ್ಲ ಅಂದ ಹಾಗೆ. ಆದರೆ ಹಿತ್ತಲ ಬಾಗಿಲಿದೆ: ಒಂದನೇ ಸ್ಥಾನದಲ್ಲಿ ಸಿಗುವ ಎಫ್ ಸ್ವರವನ್ನು ಆರನೇ ಸ್ಥಾನದಲ್ಲೂ, ಬಿ-ಫ್ಲಾಟನ್ನು ಐದರಲ್ಲೂ ಹಿಡಿಯಬಹುದು. ಇಡೀ ಮೆರವಣಿಗೆಯನ್ನು ಹಿತ್ತಲಿನಿಂದಲೇ ಓಡಾಡಿ ಮುಗಿಸಿದೆ. ಎಲ್ಲರೂ ಎಳೆದಾಗ ನಾನು ಚಾಚುತ್ತಿದ್ದೆ. ಕಾಲರಿನವನು ಎರಡು ಬಾರಿ ತಲೆ ತಗ್ಗಿಸಿದ.

ಮುಗಿಯುವುದು ಬಿ-ಫ್ಲಾಟ್ ಮೇಜರಿನ ಉದ್ದನೆಯ ಸ್ವರಮೇಳದಲ್ಲಿ. ಅದರ ಮೂರೂ ಸ್ವರ ಒಂದನೇ ಸ್ಥಾನದಲ್ಲೇ ಸಿಗುತ್ತವೆ. ಫೋಟೋ ತೆಗೆದವನು ಸರಿಯಾಗಿ ಆಗಲೇ ಒತ್ತಿದ್ದಾನೆ. ಉಳಿದವರ ಸ್ಲೈಡೆಲ್ಲ ಶಿಸ್ತಾಗಿ ಒಳಗಿವೆ, ಒಂದು ಮಾತ್ರ ಮುಂದಿನವನ ಕಿವಿ ದಾಟಿ ವೇದಿಕೆಯ ಅರ್ಧಕ್ಕೆ ಚಾಚಿದೆ.

ಅಮ್ಮನಿಗೆ ಕಳಿಸಿದೆ. "ಎಲ್ಲರ ವಾದ್ಯಕ್ಕಿಂತ ನಿಂದೇ ಉದ್ದ ಇದೆಯಲ್ಲೋ! ಅತಿಥಿ ಅಂದ್ರೆ ನೀನೇನಾ?" ಅಂತ ಕೇಳಿ, ನಾನು ಉತ್ತರ ಬರೆಯುವಷ್ಟರಲ್ಲಿ ನೆಂಟರಿಗೆಲ್ಲ ರವಾನಿಸಿಬಿಟ್ಟಿದ್ದಳು.