ಎದುರಿಗೇ ಇದೆಯಲ್ರೀ!

‘ಕೆಸಿಸಿಗೆ ಹೋಗಬೇಕಂದ್ರ ಉತಾರ ಬೇಕಾಗ್ತದೇನ್ರೀ ಸರ?’

ಗೌಡ್ರು ಹೀಗೆ ಕೇಳಿದ್ದು ನಾವು ಕಿಗಾಲಿಯಲ್ಲಿ ವಿಮಾನ ಇಳಿದು ಅರ್ಧ ಗಂಟೆಯಾಗಿತ್ತು ಅಷ್ಟೇ. ಉತಾರ ಅಂದರೆ ನಮ್ಮ ಕಡೆಯ ಪಹಣಿ. ಗೌಡ್ರು ವಿಜಯಪುರದ ಕಡೆಯ ರೈತರ ಮಗ. ಕೆಸಿಸಿ ಅಂದೊಡನೆ ಅವರಿಗೆ ಕಿಸಾನ್ ಕ್ರೆಡಿಟ್ ಕಾರ್ಡು, ಬೆಳೆಸಾಲ, ಬ್ಯಾಂಕ್ ಮ್ಯಾನೇಜರನ ಮುಖ ಎಲ್ಲ ಒಟ್ಟಿಗೇ ನೆನಪಾಗುತ್ತವೆ. ರುವಾಂಡಾದ ಆ ರಾಜಧಾನಿಯಲ್ಲಿ ಮಾತ್ರ ಕೆಸಿಸಿ ಅಂದರೆ ಕಿಗಾಲಿ ಕನ್ವೆನ್ಷನ್ ಸೆಂಟರ್. ಅಲ್ಲಿ ನಡೆಯುತ್ತಿದ್ದ ಸಮ್ಮೇಳನವೊಂದಕ್ಕೆ ಆಫೀಸಿನವರು ನಮ್ಮಿಬ್ಬರನ್ನು ಕಳಿಸಿದ್ದರು.

ಸಭಾಭವನದ ಮಗ್ಗುಲಲ್ಲೇ 292 ಕೋಣೆಗಳ ದೊಡ್ಡ ಹೋಟೆಲಿದೆ. ನಮ್ಮ ಅಕೌಂಟ್ಸ್ ವಿಭಾಗದ ಪ್ರಕಾರ ನಮ್ಮ ಯೋಗ್ಯತೆಗೆ ತಕ್ಕದ್ದು 293ನೆಯ ಕೋಣೆ. ಹಾಗಾಗಿ ಎದುರಿನ ಕಿಯೊವು ಗುಡ್ಡದ ಗೆಸ್ಟ್‌ಹೌಸಿಗೆ ಬಂದೆವು. ಬೇಸರವೇನೂ ಆಗಲಿಲ್ಲ, ಯಾಕೆಂದರೆ ರಾತ್ರಿ ಕಿಟಕಿ ತೆರೆದರೆ ಎದುರಿಗೇ ಗುಮ್ಮಟ! ಸುರುಳಿ ಸುತ್ತಿದಂಥ ಅದರ ಮೈತುಂಬ ದೀಪ. ನೀಲಿ, ಹಳದಿ, ಹಸಿರು, ಎಲ್ಲ ಅವರ ಬಾವುಟದ ಬಣ್ಣಗಳೇ. ನ್ಯಾಂಜಾ ಎಂಬಲ್ಲಿ ಹಿಂದಿನ ಅರಸರ ಅರಮನೆಯಿದೆ. ಹುಲ್ಲು ಹೊದಿಸಿದ ದುಂಡನೆಯ ಮನೆ ಅದು. 2016ರಲ್ಲಿ ಬಾಗಿಲು ತೆರೆದ ಈ ಗುಮ್ಮಟಕ್ಕೆ ಅದೇ ಪ್ರೇರಣೆಯಂತೆ. ‘ನಮ್ಮ ಗೋಳಗುಮ್ಮಟದ ಮುಂದ ಇದೇನ್ ಬಿಡ್ರೀ’ ಅನ್ನುತ್ತಲೇ ಗೌಡ್ರು ಹನ್ನೊಂದು ಫೋಟೊ ಹೊಡೆದರು.

ಬೆಳಿಗ್ಗೆ ನನಗೊಂದು ದುರ್ಬುದ್ಧಿ ಹೊಳೆಯಿತು. ‘ಇಲ್ಲೇ ಕಾಣ್ತಿದೆ, ನಡ್ಕೊಂಡೇ ಹೋಗೋಣ ಗೌಡ್ರೇ. ಹತ್ತು ನಿಮಿಷ.’

ರುವಾಂಡಾಕ್ಕೆ ಸಾವಿರ ಗುಡ್ಡಗಳ ನಾಡು ಎಂಬ ಹೆಸರಿದೆ. ಗುಡ್ಡ ಸಾವಿರ ಇದ್ದರೆ ನಡುವೆ 999 ಕಣಿವೆಗಳಾದರೂ ಇರಬೇಕಲ್ಲ ಎಂಬ ಲೆಕ್ಕ ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಬರಲಿಲ್ಲ. ಇಳಿಯತೊಡಗಿದೆವು. ಇಳಿದಷ್ಟೂ ಇಳಿಜಾರು. ಎರಡನೇ ತಿರುವಿನಲ್ಲಿ ಗುಮ್ಮಟ ಮಾಯ. ಕಣಿವೆಯ ತಳ ಮುಟ್ಟಿ ತಲೆಯೆತ್ತಿದರೆ ಎದುರಿಗೆ ನಿಂತದ್ದು ಬರೀ ಏರು. ಆ ಊರು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಮೇಲಿದೆ ಎಂಬುದನ್ನು ಮೊದಲು ನನ್ನ ಶ್ವಾಸಕೋಶ ತಿಳಿದುಕೊಂಡಿತು, ಆಮೇಲೆ ನಾನು. ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸೊಬ್ಬಳು, ತಲೆಯ ಮೇಲೆ ಬುಟ್ಟಿ ಹೊತ್ತ ಅಜ್ಜಿ, ಆಮೇಲೆ ಶಾಲೆಗೆ ಹೊರಟ ಮಕ್ಕಳ ದಂಡು, ಎಲ್ಲರೂ ನಮ್ಮನ್ನು ದಾಟಿ ಹೋದರು. ‘ಸರ, ಹತ್ತು ನಿಮಿಷ ಅಂದಿದ್ರಿ. ಯಾವ ದೇಶದ ನಿಮಿಷರೀ ಅವು?’

ರಸ್ತೆ ದಾಟುವುದು ಇನ್ನೊಂದು ಗ್ರಹಚಾರ. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಹುಟ್ಟಿದಾರಭ್ಯ ರೂಢಿಯಾದಂತೆ ನಾನು ಬಲಕ್ಕೆ ನೋಡಿ ಕಾಲಿಟ್ಟೆ, ಎಡಗಡೆಯಿಂದ ಬಂದ ಮೋಟೊ ಗಕ್ಕನೆ ನಿಂತಿತು. ಮೋಟೊ ಅಂದರೆ ಬಾಡಿಗೆ ಬೈಕು. ಅವನು ಬೈಯಬಹುದು ಎಂದುಕೊಂಡರೆ ಹೆಲ್ಮೆಟ್ ಮುಂದೆ ಚಾಚಿದ. ಅಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಒಂದು ಬೈಕಿಗೆ ಒಬ್ಬರೇ. ಊರಲ್ಲಿ ಒಂದೇ ಬೈಕಿನಲ್ಲಿ ಮೂವರು ಜಾತ್ರೆಗೆ ಹೋಗಿ ಬಂದ ಗೌಡ್ರಿಗೆ ಇದು ದುಂದುವೆಚ್ಚವಾಗಿ ಕಂಡಿತು. ಎರಡು ಮೋಟೊ ಹಿಡಿದೆವು. ಎರಡೇ ನಿಮಿಷದಲ್ಲಿ ಸೆಂಟರಿನ ಗೇಟು!

ನೋಂದಣಿ ಮೇಜಿನ ಹುಡುಗಿ ವಿಸಿಟಿಂಗ್ ಕಾರ್ಡು ಕೇಳಿದಳು. ಗತ್ತಿನಿಂದ ಜೇಬಿಗೆ ಕೈಹಾಕಿ ಕೊಟ್ಟೆ. ಆಕೆ ಅದನ್ನು ಎರಡೂ ಬದಿ ತಿರುಗಿಸಿ ನೋಡಿದಳು: ಪೆಪ್ಪರ್‌ಮಿಂಟಿನ ಕಾಗದ! ತಪ್ಪು ನನ್ನದಲ್ಲ, ಊರಿನ ಸ್ವಚ್ಛತೆಯದು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಇಡೀ ದೇಶ ‘ಉಮುಗಾಂಡ’ ಎಂದು ಗುದ್ದಲಿ, ಪೊರಕೆ ಹಿಡಿದು ಬೀದಿಗಿಳಿಯುತ್ತದೆ. ಅಂಥ ಫುಟ್‌ಪಾತಿನ ಮೇಲೆ ಕಸ ಎಸೆಯಲು ಎಂಥ ಬೆಂಗಳೂರಿಗನಿಗೂ ಕೈ ಬರುವುದಿಲ್ಲ.

ಒಳಗೆ ಹೋದವನು ಏಸಿಯ ಗಾಳಿಗೆ ಮೈಯೊಡ್ಡಿ ನಿಂತೆ. 2016ರ ಅಕ್ಟೋಬರಿನಲ್ಲಿ ಜಗತ್ತಿನ ದೇಶಗಳೆಲ್ಲ ಇದೇ ಕಟ್ಟಡದಲ್ಲಿ ಸೇರಿ, ಫ್ರಿಜ್ಜು ಏಸಿಗಳಲ್ಲಿ ಬಳಸುವ ಎಚ್‌ಎಫ್‌ಸಿ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡುತ್ತೇವೆಂದು ಒಪ್ಪಿಕೊಂಡವು. ಕಿಗಾಲಿ ತಿದ್ದುಪಡಿ ಎಂದೇ ಅದಕ್ಕೆ ಹೆಸರು. ಭೂಮಿಯ ಬಗ್ಗೆ ನನಗೂ ಕಾಳಜಿಯಿದೆ. ಅಂಗಿ ಒಣಗಿದ ಮೇಲೆ.

ಇಷ್ಟರಲ್ಲಿ ಗೌಡ್ರು ಕಾಣಲಿಲ್ಲ. ಹುಡುಕಿದರೆ 2,600 ಜನ ಹಿಡಿಸುವ ಮುಖ್ಯ ಸಭಾಂಗಣದಲ್ಲಿ ತಲೆಯೆತ್ತಿ ನಿಂತಿದ್ದರು. ‘ಸರ, ಗೋಳಗುಮ್ಮಟದಾಗ ಒಂದು ಚಪ್ಪಾಳಿಗೆ ಏಳು ಮಾರ್ದನಿ. ಇಲ್ಲಿ ಎಷ್ಟದಾವು ನೋಡೇಬಿಡೂಣು.’ ನಾನು ಕೈಹಿಡಿಯುವ ಮೊದಲೇ ಪಟಪಟನೆ ಮೂರು ಸಲ ತಟ್ಟಿಬಿಟ್ಟರು. ಕ್ಷಣಹೊತ್ತು ಮೌನ. ಆಮೇಲೆ ಮುಂದಿನ ಸಾಲಿನಲ್ಲೊಬ್ಬರು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನ ಸಾಲಿನವರು. ವೇದಿಕೆಯ ಮೇಲೆ ಮೈಕು ಸರಿಮಾಡುತ್ತಿದ್ದ ಹುಡುಗ ಗಾಬರಿಯಿಂದ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಪಾಪ, ತಾನೇ ಬಗ್ಗಿ ನಮಸ್ಕರಿಸಿದ. ಗೌಡ್ರು ನನ್ನ ಕಿವಿಯಲ್ಲಿ ಹೇಳಿದರು: ‘ಇನ್ನೂರು ಮಾರ್ದನಿ ಬಂತಲ್ರೀ ಸರ. ಸೋತ್ವಿ.’

ಮಧ್ಯಾಹ್ನದ ಬಫೆಯಲ್ಲಿ ನನ್ನ ಸರದಿ. ಬಡಿಸುವ ಹುಡುಗ ‘ಇಸೊಂಬೆ’ ತುಂಬಿದ ಸೌಟು ಎತ್ತಿದ. ಮರಗೆಣಸಿನ ಎಲೆಯ ಪಲ್ಯ ಅದು. ಏನೇನು ಹಾಕಿದ್ದಾರೋ ಎಂಬ ಅನುಮಾನಕ್ಕೆ ‘ಓಯ್, ಗೌಡ್ರೇ!’ ಎಂದು ಕೂಗಿದೆ. ಸೌಟು ಪಾತ್ರೆಗೆ ಮರಳಿತು. ಹುರುಳಿಕಾಯಿಯ ಮುಂದೆ ನಿಂತು ಮತ್ತೆ ‘ಓಯ್!’ ಅಂದೆ. ಅದೂ ಮರಳಿತು. ಬಾಳೆಕಾಯಿಯದೂ ಅದೇ ಗತಿ. ತಟ್ಟೆಯಲ್ಲಿ ಬರೀ ಅನ್ನ ಇಟ್ಟುಕೊಂಡು ನಿಂತ ನನ್ನನ್ನು ಕಂಡು, ಸಾಲಿನಲ್ಲಿ ಹಿಂದಿದ್ದ ಅಲ್ಲಿಯವರೊಬ್ಬರು ನಗು ತಡೆಯಲಾರದೆ ಬಿಡಿಸಿ ಹೇಳಿದರು. ಕಿನ್ಯಾರುವಾಂಡಾ ಭಾಷೆಯಲ್ಲಿ ‘ಓಯ’ ಅಂದರೆ ಬೇಡ, ಇಲ್ಲ. ಹೌದು ಅನ್ನಲು ‘ಯೇಗೊ’. ಮುಂದಿನ ಮೂರು ದಿನ ಗೌಡ್ರು ಕಂಡವರಿಗೆಲ್ಲ ಯೇಗೊ ಅಂದರು. ಹಾಲಿನಂಗಡಿಯೊಂದರಲ್ಲಿ ‘ಇಕಿವುಗುಟೊ’ ಎಂಬ ಹುಳಿಹಾಲು ಕುಡಿದಾಗಲಂತೂ ‘ನಮ್ಮ ಮಜ್ಜಿಗೀನ ಐತಿ’ ಎಂದು ಐದು ಸಲ ಯೇಗೊ ಅಂದು ಐದು ಲೋಟ ತರಿಸಿಕೊಂಡರು.

ಆ ರಾತ್ರಿ ಎಂಟಕ್ಕೆ ಮನೆಗೆ ವಿಡಿಯೊ ಕಾಲ್ ಮಾಡಿದೆ. ಬೆಂಗಳೂರಿನಲ್ಲಿ ಆಗ ಹನ್ನೊಂದೂವರೆ ಎಂಬುದು ಹೆಂಡತಿಯ ಮುಖದಲ್ಲೇ ಬರೆದಿತ್ತು.

‘ಅದೇನ್ರೀ, ನಿಮ್ಮ ಹಿಂದೆ ಬಣ್ಣಬಣ್ಣವಾಗಿ ಹೊಳೀತಿರೋದು?’

‘ಅದೇ ಕಣೇ, ನಮ್ಮ ಸಮ್ಮೇಳನ ನಡೀತಿರೋ ಜಾಗ. ನಾಳೆಯಿಂದ ಟ್ಯಾಕ್ಸಿ ಹೇಳಿದ್ದೀವಿ.’

‘ಎದುರಿಗೇ ಇದೆಯಲ್ರೀ! ಇಷ್ಟು ದೂರಕ್ಕೆ ಟ್ಯಾಕ್ಸಿನಾ? ನಡ್ಕೊಂಡು ಹೋಗಿ, ಹೊಟ್ಟೆನಾದ್ರೂ ಕರಗುತ್ತೆ.’

‘ಓಯ,’ ಎಂದೆ.

‘ಯಾರಿಗ್ರೀ ಓಯ್ ಅಂತಿರೋದು?’

ಪಕ್ಕದ ಮಂಚದಲ್ಲಿ ಕಾಲಿಗೆ ಅಮೃತಾಂಜನ ತಿಕ್ಕಿಕೊಳ್ಳುತ್ತಿದ್ದ ಗೌಡ್ರು ಗಾಬರಿಯಿಂದ ಪಿಸುಗುಟ್ಟಿದರು: ‘ಯೇಗೊ ಅನ್ರೀ ಸರ, ಲಗೂನ ಯೇಗೊ ಅಂದುಬಿಡ್ರೀ!’