ಸಂಶಯಪಡದೆ ಬಿಟ್ಟ ಒಂದು ಮಾತು

ನಾನಿರುವುದು ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ. ಇಲ್ಲಿ ಮಕ್ಕಳು ಟೀಚರ್‌ಗೇ ಎದುರು ಪ್ರಶ್ನೆ ಹಾಕುತ್ತಾರೆ, ಯಾರೂ ಗದರುವುದಿಲ್ಲ. ನನಗದು ತುಂಬಾ ಇಷ್ಟ. ಆದರೆ ಮನಸ್ಸು ಬೇರೆ, ದೇಹ ಬೇರೆ ಅಂತ ಮೊದಲೇ ಯಾಕೆ ಒಪ್ಪಿಕೊಂಡೆವು ಅಂತ ಕೇಳುವವರು ಕಡಿಮೆ.

ಮನಸ್ಸು, ದೇಹದ ನಡುವಿನ ಆ ಗೆರೆಯನ್ನು ಗಟ್ಟಿಯಾಗಿ ಎಳೆದವರು 17ನೇ ಶತಮಾನದ ತತ್ವಜ್ಞಾನಿ ಡೆಕಾರ್ಟ್. ಫ್ರಾನ್ಸಿನವರಾದರೂ ಸುಮಾರು 20 ವರ್ಷ ಈ ದೇಶದಲ್ಲೇ ಇದ್ದರು. ಎಲ್ಲವನ್ನೂ ಸಂಶಯಪಡುತ್ತೇನೆ ಅಂತ ಹೊರಟವರು ಅವರು. ಆದರೂ ಯೋಚನೆ ಇದೆ ಅಂದಮೇಲೆ ಯೋಚಿಸುವ ವಸ್ತು ಒಂದಿರಲೇಬೇಕು ಅನ್ನುವುದನ್ನು ಸಂಶಯಪಡಲಿಲ್ಲ. ನಮ್ಮ ಬೌದ್ಧರು ಹಿಡಿದು ಕೇಳಿದ್ದು ಅದನ್ನೇ.

1643ರ ಮೇ ತಿಂಗಳಲ್ಲಿ ಅವರಿಗೆ ಇದೇ ಊರಿಂದ ಒಂದು ಪತ್ರ ಹೋಯಿತು. ಬರೆದವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ರಾಜ್ಯ ಕಳೆದುಕೊಂಡ ಮನೆತನ, ವಯಸ್ಸು 24. ತಳ್ಳಬೇಕಾದರೆ ತಾಗಬೇಕು, ಅಲ್ವಾ? ಹಾಗಾದರೆ ಜಾಗವನ್ನೇ ತುಂಬದ ಆತ್ಮ ದೇಹವನ್ನು ಹೇಗೆ ಅಲುಗಿಸುತ್ತದೆ ಅಂತ ಕೇಳಿದಳು. ಆತ್ಮಕ್ಕೂ ಜಾಗ ತುಂಬುವ ಗುಣ ಇದೆ ಅಂತ ಒಪ್ಪುವುದೇ ಸುಲಭ ಅಂತಲೂ ಆಮೇಲೆ ಬರೆದಳು. ಆತ್ಮ, ದೇಹ ಕೂಡಿರುವುದು ದಿನನಿತ್ಯದ ಬದುಕು, ಮಾತುಕತೆಯಲ್ಲಿ ತಾನಾಗಿಯೇ ತಿಳಿಯುತ್ತದೆ ಅಂತ ಡೆಕಾರ್ಟ್ ಉತ್ತರಿಸಿದರು. ಅಲುಗಿಸುತ್ತದೆ ಅಂತ ತಿಳಿಯುತ್ತದೆ, ಹೇಗೆ ಅಂತ ತಿಳಿಯುವುದಿಲ್ಲ ಅಂದಳು ಆಕೆ. ಪಟ್ಟು ಬಿಡದ ಈ ಹೆಣ್ಣುಮಗಳ ಬಗ್ಗೆ ನನಗೆ ಬಹಳ ಗೌರವ.

ಆ ಗೆರೆ ಇವತ್ತಿಗೂ ಅಳಿಸಿಲ್ಲ. ಬೆನ್ನುನೋವಿನ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ, 'ಹಾಗಾದರೆ ಮನಸ್ಸಿನದ್ದಿರಬೇಕು' ಅನ್ನುತ್ತಾರೆ. ನೋವು ತಿನ್ನುತ್ತಿರುವವರಿಗೆ ತಾವು ಸುಳ್ಳು ಹೇಳುತ್ತಿದ್ದೇವೆ ಅಂದಹಾಗೆ ಕೇಳಿಸುತ್ತದೆ. ಎರಡರಲ್ಲಿ ಒಂದು ಆಗಲೇಬೇಕು ಅಂತ ಯಾರು ಹೇಳಿದರು?

ಗೆರೆಯನ್ನು ಬೇರೆ ಕಡೆಯೂ ಎಳೆಯಬಹುದು. ನಮ್ಮ ಹಳೆಯ ದರ್ಶನಗಳಲ್ಲೊಂದಾದ ಸಾಂಖ್ಯದವರು ಬುದ್ಧಿ, ಅಹಂಕಾರ, ಮನಸ್ಸು ಮೂರನ್ನೂ ದೇಹದ ಜೊತೆಗೆ ಪ್ರಕೃತಿಯ, ಅಂದರೆ ಜಡದ, ಪಾಲಿಗೇ ಹಾಕಿದರು. ಅರಿವು ಮಾತ್ರ ಪುರುಷನದು, ಅಂದರೆ ಬರೀ ನೋಡುವ ಸಾಕ್ಷಿಯದು. ನಮ್ಮ ಹಳೆಯ ಭೌತವಾದಿಗಳಾದ ಚಾರ್ವಾಕರು ಗೆರೆಯೇ ಬೇಡ ಅಂದರು. ಹುದುಗು ಹಾಕಿದಾಗ ಅಮಲು ಬರುವ ಹಾಗೆ, ಮಣ್ಣು, ನೀರು, ಬೆಂಕಿ, ಗಾಳಿ ಅನ್ನುವ ಭೂತಗಳು ಸೇರಿದಾಗ ಅರಿವು ಹುಟ್ಟುತ್ತದೆ ಅನ್ನುವುದು ಅವರ ವಾದ. 14ನೇ ಶತಮಾನದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವೇ ಅವರದ್ದು. ಬರೆದ ಮಾಧವಾಚಾರ್ಯರು ಅವರ ಪಕ್ಷದವರಲ್ಲ. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ಖಂಡಿಸುವುದು ನಮ್ಮಲ್ಲಿ ರೂಢಿ.

ಹಾಗಂತ ನಮ್ಮವರು ಎಲ್ಲವನ್ನೂ ಕೆದಕಿದರು ಅಂತಲ್ಲ. ಪುನರ್ಜನ್ಮವನ್ನು ಚಾರ್ವಾಕರನ್ನು ಬಿಟ್ಟರೆ ಹೆಚ್ಚಿನವರು ಒಪ್ಪಿಕೊಂಡೇ ಹೊರಟರು. ಆದ್ದರಿಂದಲೇ ಎರಡೂ ಕಡೆಯವರನ್ನು ಎದುರುಬದುರು ಕೂರಿಸಬೇಕು. ಇಲ್ಲಿನ ಕಾಲೇಜುಗಳ ಮೊದಲ ವರ್ಷದಲ್ಲಿ ಡೆಕಾರ್ಟ್ ಪಾಠ ಮಾಡುವ ವಾರವೇ ಎಲಿಜಬೆತ್‌ಳ ಪತ್ರಗಳನ್ನೂ ಸಾಂಖ್ಯ, ಚಾರ್ವಾಕರನ್ನೂ ಓದಿಸಲಿ. ನಮ್ಮ ಮೈಸೂರು, ಧಾರವಾಡದ ತರಗತಿಗಳಲ್ಲೂ ಹಾಗೇ ಆಗಲಿ.